ಸ್ಟೋನ್ಸ್ ಇನ್ನೊಮ್ಮೆ ಪ್ರವಾಸ ಹೊರಡುವರೇ? ಎಂಬತ್ತು ದಾಟಿದ ರಾಕ್ ಬ್ಯಾಂಡಿನ ಮುಂದಿರುವ ಲೆಕ್ಕ

ರೋಲಿಂಗ್ ಸ್ಟೋನ್ಸ್ 2026ರಲ್ಲಿ ಬ್ರಿಟನ್ ಮತ್ತು ಯುರೋಪಿನ ದೊಡ್ಡ ಕ್ರೀಡಾಂಗಣಗಳಲ್ಲಿ ಹಾಡಲಿದೆ ಎಂಬ ನಿರೀಕ್ಷೆ ಅಭಿಮಾನಿಗಳಲ್ಲಿ ಬಲವಾಗಿತ್ತು. 2025ರ ಡಿಸೆಂಬರಿನಲ್ಲಿ ಆ ಯೋಜನೆಯನ್ನು ಕೈಬಿಡಲಾಗಿದೆ ಎಂಬ ವರದಿಗಳು ಬಂದವು. ಗಿಟಾರ್ ವಾದಕ ಕೀತ್ ರಿಚರ್ಡ್ಸ್ ನಾಲ್ಕು ತಿಂಗಳಿಗೂ ಮೀರಿದ ಪ್ರವಾಸಕ್ಕೆ ಮಾತು ಕೊಡಲು ಹಿಂಜರಿದದ್ದೇ ಕಾರಣವೆಂದು ಅವು ಹೇಳಿದವು. ಅದೇ ತಿಂಗಳು ರಿಚರ್ಡ್ಸ್ ಅವರಿಗೆ 82 ತುಂಬಿತು. ಗಾಯಕ ಮಿಕ್ ಜಾಗರ್ ಅವರು ರಿಚರ್ಡ್ಸ್‌ಗಿಂತ ಐದು ತಿಂಗಳಷ್ಟು ಹಿರಿಯರು.

ಇಂಥ ಸುದ್ದಿ ಬಂದಾಗ ಎರಡು ಪ್ರಶ್ನೆಗಳು ಒಟ್ಟಿಗೆ ಏಳುತ್ತವೆ. ಈ ವಯಸ್ಸಿನಲ್ಲಿ ಇವರಿಗೆ ಊರೂರು ಅಲೆಯುವುದು ಏಕೆ ಬೇಕು? ಇನ್ನೊಂದು, 2024ರಲ್ಲಿ ಅಷ್ಟು ಚೆನ್ನಾಗಿ ನುಡಿಸಿದವರಿಗೆ ಈಗೇನಾಯಿತು? ಎರಡಕ್ಕೂ ಉತ್ತರ ಸಿಗಬೇಕಾದರೆ ಪ್ರವಾಸವೆಂದರೆ ಏನು, ಅದಕ್ಕೆ ಯಾರು ಯಾವಾಗ ಒಪ್ಪಿಕೊಳ್ಳುತ್ತಾರೆ ಎಂಬುದನ್ನು ಮೊದಲು ತಿಳಿಯಬೇಕು. ಒಂದು ಸಂಜೆ ವೇದಿಕೆ ಹತ್ತಿ ನುಡಿಸುವ ಶಕ್ತಿ ಬೇರೆ, ವರ್ಷದ ಮೊದಲೇ ಇಪ್ಪತ್ತು ಸಂಜೆಗಳಿಗೆ ಕೈಯೊತ್ತಿ ಸಹಿ ಹಾಕುವ ಧೈರ್ಯ ಬೇರೆ. ವಯಸ್ಸಾದ ಬ್ಯಾಂಡುಗಳ ಸಂಕಟವೆಲ್ಲ ಈ ಎರಡರ ನಡುವಿನ ಅಂತರದಲ್ಲಿದೆ ಎಂಬುದು ನನ್ನ ತಿಳಿವಳಿಕೆ.

ಯಾರು ಇವರು?

ಬ್ಯಾಂಡ್ ಎಂದರೆ ಒಬ್ಬರು ಹಾಡುತ್ತ, ಉಳಿದವರು ಗಿಟಾರ್, ಬೇಸ್ ಗಿಟಾರ್, ಡ್ರಮ್ಸ್ ನುಡಿಸುತ್ತ ತಮ್ಮ ಹಾಡುಗಳನ್ನು ತಾವೇ ಕಟ್ಟುವ ಸಣ್ಣ ತಂಡ. ರೋಲಿಂಗ್ ಸ್ಟೋನ್ಸ್ ಇಂಥದ್ದೊಂದು ತಂಡವಾಗಿ ಲಂಡನ್ನಿನಲ್ಲಿ ಹುಟ್ಟಿದ್ದು 1962ರಲ್ಲಿ. ಜಾಗರ್ ಮತ್ತು ರಿಚರ್ಡ್ಸ್ ಮೊದಲ ದಿನದಿಂದ ಇದ್ದವರು. ಡ್ರಮ್ಸ್ ವಾದಕ ಚಾರ್ಲಿ ವಾಟ್ಸ್ 1963ರಲ್ಲಿ ಬಂದು, 2021ರ ಆಗಸ್ಟ್ 24ರಂದು ತೀರಿಕೊಳ್ಳುವವರೆಗೂ ಜೊತೆಗಿದ್ದರು. ಎರಡನೆಯ ಗಿಟಾರ್ ವಾದಕ ರಾನಿ ವುಡ್ 1970ರ ದಶಕದ ಮಧ್ಯದಲ್ಲಿ ಸೇರಿದವರು, ಹುಟ್ಟಿದ್ದು 1947ರಲ್ಲಿ. ಈಗ ಉಳಿದಿರುವ ಮೂವರಲ್ಲಿ ಅವರೇ ಕಿರಿಯರು.

ಬೆಂಗಳೂರಿಗೂ ಈ ತಂಡಕ್ಕೂ ಒಂದು ನಂಟಿದೆ. 2003ರ ಏಪ್ರಿಲ್ 4ರಂದು ಅವರು ಅರಮನೆ ಮೈದಾನದಲ್ಲಿ ಹಾಡಿದರು. ಮೂರು ದಿನಗಳ ನಂತರ ಮುಂಬೈಯಲ್ಲಿ ಹಾಡಿದರು. ತಂಡದ ನಲವತ್ತು ವರ್ಷಗಳನ್ನು ಆಚರಿಸಲು ಹೊರಟ ಪ್ರವಾಸ ಅದು. ಅದೇ ವಸಂತದಲ್ಲಿ ಸಾರ್ಸ್ ಕಾಯಿಲೆ ಹಬ್ಬಿದ್ದರಿಂದ ಹಾಂಗ್‌ಕಾಂಗ್ ಮತ್ತು ಚೀನಾದ ಕಾರ್ಯಕ್ರಮಗಳು ನಿಂತುಹೋದವು. ಬೆಂಗಳೂರಿಗೆ ಬಂದಾಗಲೇ ಜಾಗರ್ ಮತ್ತು ರಿಚರ್ಡ್ಸ್ ಇಬ್ಬರಿಗೂ 59 ವರ್ಷ, ವಾಟ್ಸ್ ಅವರಿಗೆ 61. ನಮ್ಮಲ್ಲಿ ಸರ್ಕಾರಿ ನೌಕರರು ನಿವೃತ್ತರಾಗುವ ವಯಸ್ಸು. ಅದಾದ ಮೇಲೆಯೂ ಎರಡು ದಶಕ ಅವರು ಪ್ರವಾಸ ಮಾಡಿದರು.

ಪ್ರವಾಸ ಹೇಗೆ ನಡೆಯುತ್ತದೆ?

ಕ್ರೀಡಾಂಗಣದಲ್ಲಿ ನಡೆಯುವ ಒಂದು ರಾಕ್ ಕಾರ್ಯಕ್ರಮಕ್ಕೆ ಅಲ್ಲಿರುವ ವೇದಿಕೆ ಸಾಲುವುದಿಲ್ಲ. ಉಕ್ಕಿನ ಅಸ್ಥಿಪಂಜರ, ಪರದೆಗಳು, ಧ್ವನಿವರ್ಧಕಗಳು, ದೀಪಗಳು, ಜನರೇಟರ್ ಎಲ್ಲವನ್ನೂ ಲಾರಿಗಳಲ್ಲಿ ತಂದು ಬಯಲಲ್ಲಿ ಕಟ್ಟಬೇಕು. ಇದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ದೊಡ್ಡ ತಂಡಗಳು ಒಂದಕ್ಕಿಂತ ಹೆಚ್ಚು ಉಕ್ಕಿನ ಚೌಕಟ್ಟುಗಳನ್ನು ಇಟ್ಟುಕೊಂಡಿರುತ್ತವೆ. ಒಂದು ಊರಿನಲ್ಲಿ ಹಾಡು ನಡೆಯುತ್ತಿರುವಾಗಲೇ ಮುಂದಿನ ಊರಿನಲ್ಲಿ ಇನ್ನೊಂದು ಚೌಕಟ್ಟು ಏಳುತ್ತಿರುತ್ತದೆ. ಹಾಡಿದ ರಾತ್ರಿ ಮೊದಲನೆಯದನ್ನು ಬಿಚ್ಚಿ ಅದರಾಚೆಯ ಊರಿಗೆ ಕಳಿಸುತ್ತಾರೆ. ಕ್ರೀಡಾಂಗಣಗಳನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು, ಅದೂ ಫುಟ್‌ಬಾಲ್ ಋತು ಮುಗಿದು ಬಯಲು ಖಾಲಿ ಇರುವ ಬೇಸಿಗೆಯಲ್ಲಿ. ಕೆಲಸಗಾರರಿಗೆ, ಲಾರಿಗಳಿಗೆ, ವಿಮಾನಗಳಿಗೆ ಮುಂಗಡ ಕೊಡಬೇಕು.

ಈ ಹಣವನ್ನು ಹೂಡುವವನೇ ಪ್ರಮೋಟರ್, ಅಂದರೆ ಆಯೋಜಕ. ಹಿಂದೆ ಒಂದೊಂದು ಊರಿಗೂ ಒಬ್ಬೊಬ್ಬ ಆಯೋಜಕ ಇರುತ್ತಿದ್ದ. ಬ್ಯಾಂಡ್ ಅವರೊಂದಿಗೆ ಬೇರೆ ಬೇರೆಯಾಗಿ ಮಾತಾಡಿಕೊಳ್ಳುತ್ತಿತ್ತು. 1989ರಲ್ಲಿ ಕೆನಡಾದ ಮೈಕೆಲ್ ಕೋಲ್ ಸ್ಟೋನ್ಸ್‌ನ ಇಡೀ ಪ್ರವಾಸವನ್ನು ಒಟ್ಟಾಗಿ ಗುತ್ತಿಗೆ ಹಿಡಿದರು. ಟಿಕೆಟ್, ಟೀ ಶರ್ಟು, ಪ್ರಾಯೋಜಕತ್ವ ಎಲ್ಲವೂ ಒಂದೇ ಲೆಕ್ಕದಡಿ ಬಂದವು. ದೊಡ್ಡ ಬ್ಯಾಂಡುಗಳ ವ್ಯವಹಾರ ಅಲ್ಲಿಂದ ಬದಲಾಯಿತು. ಬ್ಯಾಂಡಿಗೆ ಖಚಿತವಾದ ಮೊತ್ತ ಸಿಗತೊಡಗಿತು, ಅದಕ್ಕೆ ಪ್ರತಿಯಾಗಿ ಬ್ಯಾಂಡ್ ಇಡೀ ಪ್ರವಾಸವನ್ನು ಮುಗಿಸಿಕೊಡುವ ಹೊಣೆ ಹೊತ್ತಿತು. ನಡುವೆ ಒಬ್ಬರು ಮಲಗಿದರೆ ಒಂದು ಊರಿನ ಕಾರ್ಯಕ್ರಮ ಮಾತ್ರ ಕೆಡುವುದಿಲ್ಲ, ಮುಂದೆ ಕಾಯುತ್ತಿರುವ ಊರುಗಳೆಲ್ಲ ಕೆಡುತ್ತವೆ.

ಆದ್ದರಿಂದ ವಿಮೆ ಬರುತ್ತದೆ. ಕಲಾವಿದರು ಬರಲಾಗದಿದ್ದರೆ ನಷ್ಟ ತುಂಬಿಕೊಡುವ ವಿಮೆಗೆ ವೈದ್ಯಕೀಯ ತಪಾಸಣೆ ಇರುತ್ತದೆ, ವಯಸ್ಸಿಗೆ ತಕ್ಕಂತೆ ಕಂತು ಏರುತ್ತದೆ, ಮೊದಲೇ ಇದ್ದ ಕಾಯಿಲೆಗಳನ್ನು ಹೊರಗಿಡುವ ಷರತ್ತುಗಳೂ ಇರುತ್ತವೆ. ವಿಮೆಯಿದ್ದರೂ ಎಲ್ಲ ಸಲೀಸಲ್ಲ. 2014ರಲ್ಲಿ ಜಾಗರ್ ಅವರ ಸಂಗಾತಿ ತೀರಿಕೊಂಡಾಗ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಕಾರ್ಯಕ್ರಮಗಳನ್ನು ಮುಂದೂಡಬೇಕಾಯಿತು. ಆ ನಷ್ಟವನ್ನು ತುಂಬಿಕೊಡುವ ಬಗ್ಗೆ ವಿಮಾದಾರರಿಗೂ ಬ್ಯಾಂಡಿಗೂ ತಕರಾರು ಎದ್ದು ಅದು ನ್ಯಾಯಾಲಯದ ಮೆಟ್ಟಿಲೇರಿತು, ಕೊನೆಗೆ ರಾಜಿಯಲ್ಲಿ ಮುಗಿಯಿತು.

ಎಂಬತ್ತೆರಡರ ಒಬ್ಬ ವ್ಯಕ್ತಿಯ ಮುಂದೆ ಇಂಥ ಕಾಗದ ಇಟ್ಟರೆ ಅವರು ಯೋಚಿಸುವುದು ನಾಳೆಯ ಕಾರ್ಯಕ್ರಮದ ಬಗ್ಗೆ ಅಲ್ಲ. ಮುಂದಿನ ವರ್ಷದ ಜುಲೈ ತಿಂಗಳಿನಲ್ಲಿ ತನ್ನ ಬೆನ್ನು, ಬೆರಳು, ಉಸಿರು ಹೇಗಿರಬಹುದು ಎಂಬುದನ್ನು ಅವರು ಈಗಲೇ ಊಹಿಸಿ ಹೇಳಬೇಕು.

ಹಾಗಾದರೆ ಹೊರಡುವುದೇ ಏಕೆ?

ಹಣ ಒಂದು ಕಾರಣ, ಅದನ್ನು ಮರೆಮಾಚುವ ಅಗತ್ಯವಿಲ್ಲ. ಧ್ವನಿಮುದ್ರಿಕೆ ಮಾರಾಟ ಕುಸಿದು, ಜನ ಮೊಬೈಲಿನಲ್ಲಿ ಹಾಡು ಕೇಳುವ ಕಾಲ ಬಂದ ಮೇಲೆ ಹೆಸರಾಂತ ಬ್ಯಾಂಡುಗಳ ಗಳಿಕೆಯ ದೊಡ್ಡ ಪಾಲು ವೇದಿಕೆಯಿಂದಲೇ ಬರುತ್ತದೆ. ಸ್ಟೋನ್ಸ್ ವಿಷಯದಲ್ಲಿ ಇನ್ನೊಂದು ಹಳೆಯ ಗಾಯವೂ ಇದೆ. 1960ರ ದಶಕದ ಅವರ ಹಾಡುಗಳ ಧ್ವನಿಮುದ್ರಣ ಹಕ್ಕುಗಳು ಆಗಿನ ಮ್ಯಾನೇಜರ್ ಆಲನ್ ಕ್ಲೈನ್ ಅವರ ಆಬ್ಕೋ ಕಂಪನಿಯ ಕೈಯಲ್ಲಿ ಉಳಿದವು. ಜಗತ್ತು ಹೆಚ್ಚಾಗಿ ಕೇಳುವ ಹಾಡುಗಳು ಅವರದೇ, ಆದರೆ ಆ ಧ್ವನಿಮುದ್ರಿಕೆಗಳ ಒಡೆತನ ಅವರದಲ್ಲ. ವೇದಿಕೆಯ ಮೇಲೆ ಅವೇ ಹಾಡುಗಳನ್ನು ಹಾಡಿದರೆ ಟಿಕೆಟ್ಟಿನ ಹಣ ನೇರವಾಗಿ ಅವರದು. 2005ರಿಂದ 2007ರವರೆಗೆ ನಡೆದ ಪ್ರವಾಸದ ಒಟ್ಟು ವಹಿವಾಟು 55 ಕೋಟಿ ಡಾಲರ್ ದಾಟಿ ಆ ಕಾಲಕ್ಕೆ ದಾಖಲೆಯಾಗಿತ್ತು. 2024ರಲ್ಲಿ ಸುಮಾರು ಇಪ್ಪತ್ತು ಕಾರ್ಯಕ್ರಮಗಳಿಂದಲೇ 23 ಕೋಟಿ ಡಾಲರಿಗೂ ಹೆಚ್ಚು ಬಂತು.

ಪ್ರಾಯೋಜಕರನ್ನು ನೋಡಿದರೆ ಕಾಲ ಎಷ್ಟು ಸರಿದಿದೆ ಎಂಬುದು ತಿಳಿಯುತ್ತದೆ. 1981ರ ಅಮೆರಿಕ ಪ್ರವಾಸಕ್ಕೆ ಹಣ ಕೊಟ್ಟದ್ದು ಜೋವನ್ ಎಂಬ ಸುಗಂಧದ್ರವ್ಯ ಕಂಪನಿ. 2024ರದ್ದಕ್ಕೆ ಎಎಆರ್‌ಪಿ, ಅಂದರೆ ಐವತ್ತು ದಾಟಿದವರಿಗಾಗಿ ಇರುವ ಅಮೆರಿಕದ ಸಂಸ್ಥೆ. ಪ್ರೇಕ್ಷಕರೂ ಬ್ಯಾಂಡಿನೊಂದಿಗೇ ಹಿರಿಯರಾಗಿದ್ದಾರೆ.

ಆದರೆ ಹಣದಿಂದ ಮಾತ್ರ ಇದನ್ನು ವಿವರಿಸಲಾಗದು. ಅವರಿಗೆ ಈಗಿರುವುದೇ ಹಲವು ತಲೆಮಾರಿಗೆ ಸಾಕು. 2023ರಲ್ಲಿ ‘ಹ್ಯಾಕ್ನಿ ಡೈಮಂಡ್ಸ್’ ಎಂಬ ಹೊಸ ಹಾಡುಗಳ ಆಲ್ಬಮ್ ತಂದರು. 2005ರ ನಂತರ ಸ್ವಂತ ಹೊಸ ಹಾಡುಗಳ ಮೊದಲ ಆಲ್ಬಮ್ ಅದು. ಹದಿನೆಂಟು ವರ್ಷ ಬಿಟ್ಟು ಮತ್ತೆ ಹಾಡು ಕಟ್ಟುವವರಿಗೆ ಅದನ್ನು ಜನರೆದುರು ನುಡಿಸುವ ಆಸೆ ಇಲ್ಲದಿರುತ್ತದೆಯೇ?

ವಯಸ್ಸು ಎಲ್ಲಿ ತಾಗುತ್ತದೆ?

ಗಂಟಲಿನಿಂದ ಆರಂಭಿಸೋಣ. ನಾವು ಹಾಡುವಾಗ ಧ್ವನಿಪೆಟ್ಟಿಗೆಯೊಳಗಿನ ಎರಡು ಧ್ವನಿತಂತುಗಳು ಪುಪ್ಪುಸದಿಂದ ಬರುವ ಗಾಳಿಗೆ ಸೆಕೆಂಡಿಗೆ ನೂರಾರು ಸಲ ಕಂಪಿಸುತ್ತವೆ. ವಯಸ್ಸಾದಂತೆ ಈ ತಂತುಗಳ ಸ್ನಾಯು ತೆಳುವಾಗುತ್ತದೆ, ಹಿಗ್ಗುವ ಗುಣ ಕುಗ್ಗುತ್ತದೆ, ಎರಡೂ ಪೂರ್ತಿ ಕೂಡಿಕೊಳ್ಳದೆ ನಡುವೆ ಗಾಳಿ ಸೋರುತ್ತದೆ. ದನಿ ತೆಳುವಾಗಿ, ಉಸಿರು ಬೆರೆತಂತೆ ಕೇಳುವುದು ಇದರಿಂದಲೇ. ಉಸಿರಿನ ಒತ್ತಡವೂ ಮೊದಲಿನಷ್ಟು ಇರುವುದಿಲ್ಲ. ತಾರಸ್ಥಾಯಿಯಲ್ಲಿ ಕೂಗಿ ಹಾಡುವುದನ್ನೇ ಗುರುತಾಗಿಸಿಕೊಂಡ ಗಾಯಕರಿಗೆ ಪೆಟ್ಟು ಮೊದಲು ಬೀಳುತ್ತದೆ. ಎಷ್ಟೋ ಬ್ಯಾಂಡುಗಳು ಗಿಟಾರಿನ ಶ್ರುತಿಯನ್ನೇ ಅರ್ಧ ಸ್ವರ ಇಳಿಸಿ ಗಾಯಕನಿಗೆ ದಾರಿ ಮಾಡಿಕೊಡುತ್ತವೆ. ಜಾಗರ್ ಅವರದು ಮಾತಿಗೆ ಹತ್ತಿರವಾದ, ಲಯದ ಮೇಲೆ ಕುಣಿಯುವ ಹಾಡುಗಾರಿಕೆ. ಅವರ ದನಿ ಇಷ್ಟು ದಿನ ತಾಳಿರುವುದಕ್ಕೆ ಅದೂ ಒಂದು ಕಾರಣ ಎನಿಸುತ್ತದೆ.

ಇದಕ್ಕೆ ವ್ಯತಿರಿಕ್ತ ಉದಾಹರಣೆ ಅಮೆರಿಕದ ಏರೋಸ್ಮಿತ್. 2023ರ ಸೆಪ್ಟೆಂಬರಿನಲ್ಲಿ ವಿದಾಯ ಪ್ರವಾಸ ಆರಂಭಿಸಿದ ಕೆಲವೇ ದಿನಗಳಲ್ಲಿ ಗಾಯಕ ಸ್ಟೀವನ್ ಟೈಲರ್ ಅವರ ಗಂಟಲಿಗೆ ಪೆಟ್ಟಾಯಿತು, ಧ್ವನಿಪೆಟ್ಟಿಗೆ ಬಿರುಕುಬಿಟ್ಟಿತ್ತು. 2024ರ ಆಗಸ್ಟಿನಲ್ಲಿ ತಂಡ ಪ್ರವಾಸದಿಂದ ನಿವೃತ್ತಿ ಘೋಷಿಸಿತು. ಆದರೆ 2025ರ ಜುಲೈನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಒಂದು ದೊಡ್ಡ ಕಾರ್ಯಕ್ರಮದಲ್ಲಿ ಟೈಲರ್ ಬಂದು ಕೆಲವು ಹಾಡುಗಳನ್ನು ಎಲ್ಲರೂ ಬೆರಗಾಗುವಂತೆ ಹಾಡಿದರು. ಹಾಗಾದರೆ ಪ್ರವಾಸ ಏಕೆ ಮಾಡಬಾರದು ಎಂದು ಅಭಿಮಾನಿಗಳು ಕೇಳತೊಡಗಿದರು. ಒಂದು ಸಂಜೆ ಮೂರ್ನಾಲ್ಕು ಹಾಡು ಹಾಡಿ ತಿಂಗಳುಗಟ್ಟಲೆ ಗಂಟಲಿಗೆ ವಿಶ್ರಾಂತಿ ಕೊಡಬಹುದು. ಪ್ರವಾಸದಲ್ಲಿ ಎರಡು ಗಂಟೆ ಹಾಡಿ, ಮೂರನೆಯ ದಿನ ಮತ್ತೆ ಎರಡು ಗಂಟೆ ಹಾಡಬೇಕು. ವಾಸಿಯಾದ ಗಾಯ ಮತ್ತೆ ತೆರೆದುಕೊಳ್ಳುವುದು ಅಂಥಲ್ಲಿ.

ಇನ್ನು ಕೈಬೆರಳು. ಗಿಟಾರಿಗೆ ಸಾಮಾನ್ಯವಾಗಿ ಆರು ತಂತಿ. ರಿಚರ್ಡ್ಸ್ ತಮ್ಮ ಹೆಸರಾಂತ ಹಲವು ಹಾಡುಗಳಿಗೆ ಅತಿ ಮಂದ್ರದ ಆರನೆಯ ತಂತಿಯನ್ನು ತೆಗೆದುಹಾಕಿ, ಉಳಿದ ಐದನ್ನು ಬೇರೊಂದು ಬಗೆಯಲ್ಲಿ ಶ್ರುತಿ ಮಾಡಿಕೊಳ್ಳುತ್ತಾರೆ. ಹಾಗೆ ಮಾಡಿದಾಗ ಯಾವ ತಂತಿಯನ್ನೂ ಒತ್ತದೆ ಮೀಟಿದರೂ ಸ್ವರಗಳು ಹೊಂದಿಕೊಂಡು ಒಂದು ತುಂಬಿದ ನಾದ ಹೊರಡುತ್ತದೆ. ಒಂದೇ ಬೆರಳನ್ನು ಐದೂ ತಂತಿಗಳ ಮೇಲೆ ಅಡ್ಡಲಾಗಿ ಇಟ್ಟು ಮೇಲೆ ಕೆಳಗೆ ಜರುಗಿಸಿದರೆ ನಾದ ಹಾಗೇ ಏರುತ್ತದೆ, ಇಳಿಯುತ್ತದೆ. ಇನ್ನೆರಡು ಬೆರಳು ನಡುನಡುವೆ ತಟ್ಟಿ ತೆಗೆದಾಗ ಬರುವ ಆ ಕುಲುಕೇ ಸ್ಟೋನ್ಸ್‌ನ ಸಹಿ. ನೋಡಲು ಸುಲಭ, ಆದರೆ ತಟ್ಟುವ ಕ್ಷಣ ಕೂದಲೆಳೆಯಷ್ಟು ಆಚೀಚೆಯಾದರೆ ಹಾಡು ಸಪ್ಪೆಯಾಗುತ್ತದೆ. ರಿಚರ್ಡ್ಸ್ ಅವರ ಬೆರಳ ಗೆಣ್ಣುಗಳು ಸಂಧಿವಾತದಿಂದ ಊದಿಕೊಂಡಿರುವುದು ಛಾಯಾಚಿತ್ರಗಳಲ್ಲೇ ಕಾಣುತ್ತದೆ. ನೋವಿಲ್ಲ, ಆದರೆ ನುಡಿಸುವ ರೀತಿ ಬದಲಾಗಿದೆ, ಬೇರೆ ದಾರಿಗಳನ್ನು ಹುಡುಕಿಕೊಳ್ಳುತ್ತಿದ್ದೇನೆ ಎಂಬರ್ಥದ ಮಾತನ್ನು ಅವರು 2023ರ ಸಂದರ್ಶನವೊಂದರಲ್ಲಿ ಆಡಿದ್ದರು. ಅಂಥ ಪ್ರಾಮಾಣಿಕ ಮಾತು ಕೇಳಿದಾಗ ಗೌರವ ಹೆಚ್ಚುತ್ತದೆ.

ಮೂವರ ದೇಹಗಳೂ ಸಾಕಷ್ಟು ಕಂಡಿವೆ. 2006ರಲ್ಲಿ ರಿಚರ್ಡ್ಸ್ ಫಿಜಿಯಲ್ಲಿ ಮರದಿಂದ ಬಿದ್ದು ತಲೆಗೆ ಶಸ್ತ್ರಚಿಕಿತ್ಸೆ ಆಗಿತ್ತು. ವುಡ್ ಎರಡು ಬಾರಿ ಕ್ಯಾನ್ಸರಿನಿಂದ ಪಾರಾದರು. 2019ರ ವಸಂತದಲ್ಲಿ ಜಾಗರ್ ಅವರ ಹೃದಯದ ಕವಾಟದಲ್ಲಿ ತೊಂದರೆ ಕಾಣಿಸಿಕೊಂಡು ಅಮೆರಿಕ ಪ್ರವಾಸ ಮುಂದೆ ಹೋಯಿತು. ಎದೆ ಸೀಳದೆ, ರಕ್ತನಾಳದ ಮೂಲಕ ಕೊಳವೆ ತೂರಿಸಿ ಹೊಸ ಕವಾಟ ಕೂರಿಸುವ ವಿಧಾನದಿಂದ ಚಿಕಿತ್ಸೆ ನಡೆಯಿತೆಂದು ವರದಿಯಾಗಿತ್ತು. ಅದೇ ಜೂನ್ 21ರಂದು ಶಿಕಾಗೋದಲ್ಲಿ ಅವರು ಎಂದಿನಂತೆ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಿದರು. ಹದಿನೈದು ವರ್ಷ ಹಿಂದಾಗಿದ್ದರೆ ಈ ಚಿಕಿತ್ಸೆಯೇ ಅಪರೂಪ. ವೃದ್ಧ ಬ್ಯಾಂಡುಗಳ ಪ್ರವಾಸ ಸಾಧ್ಯವಾಗಿರುವುದರಲ್ಲಿ ವೈದ್ಯವಿಜ್ಞಾನದ ಪಾಲು ದೊಡ್ಡದು. ಆಸ್ಟ್ರೇಲಿಯಾದ ಎಸಿ/ಡಿಸಿ ತಂಡದ ಗಾಯಕ ಬ್ರಯಾನ್ ಜಾನ್ಸನ್ 2016ರಲ್ಲಿ ಪೂರ್ತಿ ಕಿವುಡಾಗುವ ಅಪಾಯವಿದೆಯೆಂದು ಪ್ರವಾಸ ಬಿಟ್ಟಿದ್ದರು. ಹೊಸ ಬಗೆಯ ಕಿವಿಯೊಳಗಿನ ಸಾಧನದಿಂದಾಗಿ ಮರಳಿ ಬಂದರು.

ಎಲ್ಲಕ್ಕಿಂತ ಕಠಿಣ ಡ್ರಮ್ಸ್. ಎರಡು ಕೈ, ಎರಡು ಕಾಲು ಎರಡು ಗಂಟೆ ನಿಲ್ಲದೆ ದುಡಿಯಬೇಕು. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡವನ್ನು ಕೇಳಿದವರಿಗೆ ಅದರ ಡ್ರಮ್ಸ್ ವಾದಕ ನಿಕೋ ಮೆಕ್‌ಬ್ರೇನ್ ಅವರ ನೆನಪಿರುತ್ತದೆ. 2023ರ ಜನವರಿಯಲ್ಲಿ ಅವರಿಗೆ ಪಾರ್ಶ್ವವಾಯು ಬಡಿದು ದೇಹದ ಬಲಭಾಗ ಸೋತಿತು. ಕೆಲವೇ ತಿಂಗಳಲ್ಲಿ ಎದ್ದು ಬಂದು ಮುಂದಿನ ಎರಡು ವರ್ಷ ನುಡಿಸಿದರು. ವೇಗದ ಕೆಲವು ಭಾಗಗಳನ್ನು ಕೈಬಿಡಬೇಕಾಯಿತು. 2024ರ ಡಿಸೆಂಬರಿನಲ್ಲಿ ಬ್ರೆಜಿಲಿನ ಸಾವೊ ಪೌಲೊ ನಗರದಲ್ಲಿ ನುಡಿಸಿ ಪ್ರವಾಸದಿಂದ ನಿವೃತ್ತರಾದರು. ತಂಡ ಹೊಸ ಡ್ರಮ್ಸ್ ವಾದಕರೊಂದಿಗೆ ಮುಂದುವರಿದಿದೆ.

ಇದಕ್ಕೆಲ್ಲ ಬ್ಯಾಂಡುಗಳು ಕಂಡುಕೊಂಡ ಉಪಾಯ ಪ್ರವಾಸವನ್ನೇ ಬೇರೆ ಥರ ಹೆಣೆಯುವುದು. 2002-03ರಲ್ಲಿ ಸ್ಟೋನ್ಸ್ ನೂರಕ್ಕೂ ಹೆಚ್ಚು ಕಾರ್ಯಕ್ರಮ ಕೊಟ್ಟಿದ್ದರು. 2024ರಲ್ಲಿ ಏಪ್ರಿಲ್ 28ಕ್ಕೆ ಹ್ಯೂಸ್ಟನ್, ಮೇ 2ಕ್ಕೆ ನ್ಯೂ ಆರ್ಲಿಯನ್ಸ್, ಮೇ 7ಕ್ಕೆ ಅರಿಜೋನಾದ ಗ್ಲೆಂಡೇಲ್, ಹೀಗೆ ನಾಲ್ಕೈದು ದಿನಗಳ ಬಿಡುವು. ಕಾರ್ಯಕ್ರಮದ ಒಳಗೂ ಬಿಡುವಿದೆ. ನಡುವೆ ರಿಚರ್ಡ್ಸ್ ಮುಂದೆ ಬಂದು ಎರಡು-ಮೂರು ಹಾಡು ತಾವೇ ಹಾಡುತ್ತಾರೆ. ಅಭಿಮಾನಿಗಳಿಗೆ ಅದೊಂದು ಪ್ರೀತಿಯ ಘಟ್ಟ. ಆ ಹೊತ್ತಿನಲ್ಲಿ ಜಾಗರ್ ತೆರೆಮರೆಯಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತಾರೆ.

ಯಾರಿದ್ದರೆ ಅದು ಸ್ಟೋನ್ಸ್?

ಕರಾವಳಿಯ ಯಕ್ಷಗಾನ ಮೇಳವೊಂದನ್ನು ನೆನೆಯಿರಿ. ದೀಪಾವಳಿಯ ನಂತರ ಹೊರಟು ಮೇ ಕೊನೆಯಲ್ಲಿ ಬರುವ ಪತ್ತನಾಜೆಯವರೆಗೆ ತಿರುಗಾಟ. ಭಾಗವತರ ಗಂಟಲು ಕೈಕೊಟ್ಟರೆ ಇನ್ನೊಬ್ಬರು ಜಾಗಟೆ ಹಿಡಿದು ಕೂರುತ್ತಾರೆ, ವೇಷಧಾರಿಯೊಬ್ಬರು ಮಲಗಿದರೆ ಆ ವೇಷ ಮತ್ತೊಬ್ಬರ ಪಾಲಿಗೆ ಬರುತ್ತದೆ. ಆಟ ನಿಲ್ಲುವುದಿಲ್ಲ, ಏಕೆಂದರೆ ಮೇಳ ದೇವಸ್ಥಾನದ್ದು, ಪ್ರಸಂಗ ಎಲ್ಲರದ್ದು. ಮೆಚ್ಚಿನ ಕಲಾವಿದರಿಗಾಗಿಯೇ ಹೋಗುವ ಅಭಿಮಾನಿಗಳು ಅಲ್ಲೂ ಇದ್ದಾರೆ, ಆದರೆ ಮೇಳದ ಹೆಸರು ಒಬ್ಬ ವ್ಯಕ್ತಿಯ ಮೇಲೆ ನಿಂತಿಲ್ಲ.

ರಾಕ್ ಬ್ಯಾಂಡ್ ಇದಕ್ಕೆ ಹೆಚ್ಚುಕಡಿಮೆ ತಿರುವುಮುರುವು. ಹಾಡು ಕಟ್ಟಿದವರೇ ಹಾಡಬೇಕು, ಆ ಕೈಯೇ ಆ ಗಿಟಾರ್ ಹಿಡಿಯಬೇಕು ಎಂಬುದು ಅದರ ಮೂಲ ಒಪ್ಪಂದ. ಹಾಗಿದ್ದರೂ ಬದಲಾವಣೆ ನಡೆದೇ ಇದೆ, ಮತ್ತು ಅಭಿಮಾನಿಗಳು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಬೇಸ್ ಗಿಟಾರಿನ ಬಿಲ್ ವೈಮನ್ 1993ರಲ್ಲಿ ಹೊರಟಾಗ ಸ್ಟೋನ್ಸ್‌ಗೆ ಹೆಚ್ಚು ಧಕ್ಕೆಯಾಗಲಿಲ್ಲ. ವಾಟ್ಸ್ ತೀರಿಕೊಂಡಾಗ ಹಾಗಿರಲಿಲ್ಲ. ಅವರು ಹೋಗಿ ಒಂದು ತಿಂಗಳಾಗುತ್ತಲೇ ಸೇಂಟ್ ಲೂಯಿಸ್ ನಗರದಲ್ಲಿ ಪ್ರವಾಸ ಆರಂಭವಾಯಿತು. ಮೊದಲಿಗೆ ವೇದಿಕೆ ಖಾಲಿ. ಡ್ರಮ್ಸ್‌ನ ಸದ್ದು ಮಾತ್ರ, ಪರದೆಯ ಮೇಲೆ ವಾಟ್ಸ್ ಚಿತ್ರಗಳು. ಆಮೇಲೆ ಸ್ಟೀವ್ ಜೋರ್ಡನ್ ಬಂದು ಕುಳಿತರು. ಕಾಯಿಲೆಯಿದ್ದಾಗಲೇ ವಾಟ್ಸ್ ಒಪ್ಪಿದ ಬದಲಿ ಅವರು. ಆ ಒಪ್ಪಿಗೆಯಿಂದಾಗಿ ಅಭಿಮಾನಿಗಳು ಜೋರ್ಡನ್ ಅವರನ್ನು ಬೇಗ ಒಳಗೆ ಬಿಟ್ಟುಕೊಂಡರು.

ಕೆನಡಾದ ರಷ್ ತಂಡ ಡ್ರಮ್ಸ್ ವಾದಕ ನೀಲ್ ಪಿಯರ್ಟ್ 2020ರಲ್ಲಿ ತೀರಿಕೊಂಡ ಮೇಲೆ ಮುಗಿದೇಹೋಯಿತು ಎಂದುಕೊಂಡಿದ್ದರು. 2025ರ ಅಕ್ಟೋಬರಿನಲ್ಲಿ ಉಳಿದಿಬ್ಬರು ಜರ್ಮನಿಯ ಅನಿಕಾ ನಿಲ್ಲೆಸ್ ಅವರನ್ನು ಕರೆದುಕೊಂಡು 2026ಕ್ಕೆ ಪ್ರವಾಸ ಘೋಷಿಸಿದರು. ಫಾರಿನರ್ ಎಂಬ ತಂಡವಂತೂ ಸ್ಥಾಪಕ ಮಿಕ್ ಜೋನ್ಸ್ ಇಲ್ಲದೆಯೂ ವೇದಿಕೆ ಹತ್ತುತ್ತದೆ. ಅವರಿಗೆ ಪಾರ್ಕಿನ್ಸನ್ ಕಾಯಿಲೆ. ಸ್ಟೋನ್ಸ್‌ಗೆ ಆ ದಾರಿ ಇಲ್ಲ. ಜಾಗರ್, ರಿಚರ್ಡ್ಸ್ ಇಬ್ಬರಲ್ಲಿ ಒಬ್ಬರಿಲ್ಲದೆ ಆ ಹೆಸರಿನಲ್ಲಿ ಟಿಕೆಟ್ ಮಾರಿದರೆ ಜನ ಒಪ್ಪುತ್ತಾರೆಂದು ನನಗೆ ಅನಿಸುವುದಿಲ್ಲ. ಒಬ್ಬ ರಿಚರ್ಡ್ಸ್ ಹಿಂಜರಿದರೆ ಇಡೀ ಯೋಜನೆ ನಿಲ್ಲುವುದು ಇದರಿಂದಲೇ.

ಅಭಿಮಾನಿಗಳು ಬಯಸುವುದೇನು?

ಅವೇ ಹಾಡು, ಅವೇ ಮುಖ, ಅದೇ ಕಸುವು. ಕೇಳುವಾಗ ನ್ಯಾಯವೆನಿಸುತ್ತದೆ, ಆದರೆ ಮೂರೂ ಒಟ್ಟಿಗೆ ಸಿಗುವುದು ವರ್ಷ ಕಳೆದಂತೆ ಕಷ್ಟ. ಕಾರ್ಯಕ್ರಮದ ಹಾಡುಗಳ ಪಟ್ಟಿ ಸಿದ್ಧಪಡಿಸುವಾಗ ಈ ತಿಕ್ಕಾಟ ಎದ್ದು ಕಾಣುತ್ತದೆ. ಎರಡು ಗಂಟೆಗೆ ಹಿಡಿಸುವುದು ಹದಿನೆಂಟು-ಹತ್ತೊಂಬತ್ತು ಹಾಡು. ಅದರಲ್ಲಿ ಹತ್ತು-ಹನ್ನೆರಡು ಜಾಗಗಳನ್ನು ಬದಲಾಯಿಸುವಂತಿಲ್ಲ. ಜೀವನದಲ್ಲಿ ಒಂದೇ ಸಲ ಬರುವ ಪ್ರೇಕ್ಷಕ 1965ರ ‘ಸ್ಯಾಟಿಸ್‌ಫ್ಯಾಕ್ಷನ್’ ಕೇಳದೆ ಮನೆಗೆ ಹೋಗಲು ಒಪ್ಪುವುದಿಲ್ಲ. ಹತ್ತಾರು ಸಲ ನೋಡಿದ ಕಟ್ಟಾ ಅಭಿಮಾನಿಗೆ ಬೇಕಿರುವುದು ಅಪರೂಪದ ಹಾಡು. ಇವರಿಬ್ಬರನ್ನೂ ಸಮಾಧಾನಪಡಿಸಲು ಸ್ಟೋನ್ಸ್ ಕೆಲವು ಪ್ರವಾಸಗಳಲ್ಲಿ ಒಂದು ಹಾಡನ್ನು ಆನ್‌ಲೈನ್ ಮತದಾನಕ್ಕೆ ಬಿಟ್ಟರು. ಹೊಸ ಆಲ್ಬಮ್ಮಿನ ಎರಡು-ಮೂರು ಹಾಡುಗಳಿಗೂ ಜಾಗ ಬೇಕು.

ಕಸುವಿನ ವಿಷಯದಲ್ಲಿ ಅಭಿಮಾನಿಗಳು ಉದಾರಿಗಳೂ ಹೌದು. 2022ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಜೆನೆಸಿಸ್ ತಂಡದ ಕೊನೆಯ ಕಾರ್ಯಕ್ರಮದಲ್ಲಿ, ಬೆನ್ನುಮೂಳೆಯ ತೊಂದರೆಯಿದ್ದ ಫಿಲ್ ಕಾಲಿನ್ಸ್ ಕುರ್ಚಿಯಲ್ಲಿ ಕುಳಿತೇ ಹಾಡಿದರು. ಒಂದು ಕಾಲಕ್ಕೆ ತಾವು ಕೂರುತ್ತಿದ್ದ ಡ್ರಮ್ಸ್ ಹಿಂದೆ ಮಗ ನಿಕ್ ಕುಳಿತಿದ್ದ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನಲ್ಲಿ, ಟೈಲರ್ ಹಾಡಿದ ಅದೇ ಕಾರ್ಯಕ್ರಮದಲ್ಲಿ, ಪಾರ್ಕಿನ್ಸನ್ ಕಾಯಿಲೆಯಿದ್ದ ಗಾಯಕ ಓಜಿ ಆಸ್ಬರ್ನ್ ಸಿಂಹಾಸನದಂಥ ಆಸನದಲ್ಲಿ ಕುಳಿತು ಹಾಡಿದರು. ಹದಿನೇಳು ದಿನಗಳ ನಂತರ ತೀರಿಕೊಂಡರು. ಯಾರೂ ಅವರಿಂದ ಇಪ್ಪತ್ತರ ದನಿ ಕೇಳಲಿಲ್ಲ. ಆದರೆ ಅವೆರಡೂ ವಿದಾಯವೆಂದು ಮೊದಲೇ ಹೇಳಿ ಮಾಡಿದವು. ಹಾಗೆ ಹೇಳದೆ, ಎಂದಿನ ಬೆಲೆಗೆ ಎಂದಿನಂತೆ ಟಿಕೆಟ್ ಮಾರಿದಾಗ ಪ್ರೇಕ್ಷಕರು ಅಳೆಯುವ ಕೋಲೇ ಬೇರೆ.

‘ಕೊನೆಯ ಪ್ರವಾಸ’ವನ್ನು ನಂಬಬಹುದೇ?

ಎಚ್ಚರದಿಂದ. ಜರ್ಮನಿಯ ಸ್ಕಾರ್ಪಿಯನ್ಸ್ 2010ರಲ್ಲಿ ವಿದಾಯ ಹೇಳಿ ಆಮೇಲೆಯೂ ವರ್ಷಗಟ್ಟಲೆ ಹಾಡಿದರು. ಅಮೆರಿಕದ ಮಾಟ್ಲಿ ಕ್ರೂ 2014ರಲ್ಲಿ ಮುಂದೆ ಪ್ರವಾಸ ಮಾಡುವುದಿಲ್ಲವೆಂದು ಕರಾರುಪತ್ರಕ್ಕೇ ಸಹಿ ಹಾಕಿ, 2015ರ ಡಿಸೆಂಬರ್ 31ಕ್ಕೆ ಮುಗಿಸಿ, 2022ರಲ್ಲಿ ಕ್ರೀಡಾಂಗಣಗಳಿಗೆ ಮರಳಿದರು. ಇನ್ನೊಂದು ಕಡೆ ಎಲ್ಟನ್ ಜಾನ್ 2018ರಲ್ಲಿ ಆರಂಭಿಸಿದ ವಿದಾಯ ಪ್ರವಾಸವನ್ನು 2023ರ ಜುಲೈನಲ್ಲಿ ಸ್ಟಾಕ್‌ಹೋಮಿನಲ್ಲಿ ನಿಜಕ್ಕೂ ಮುಗಿಸಿದರು. ಸ್ಟೋನ್ಸ್ ಈವರೆಗೆ ಯಾವ ಪ್ರವಾಸವನ್ನೂ ಕೊನೆಯದೆಂದು ಘೋಷಿಸಿಲ್ಲ. ಹೀಗಾಗಿ 2024ರ ಜುಲೈ 21ರಂದು ಮಿಸೌರಿಯಲ್ಲಿ ನಡೆದ ಕಾರ್ಯಕ್ರಮ ಕೊನೆಯದಾಗಿರಲೂಬಹುದು, ಆಗದೆಯೂ ಇರಬಹುದು.

ಉಳಿದಿರುವ ದಾರಿಗಳು

ಪ್ರವಾ‌ಸವಿಲ್ಲವೆಂದರೆ ಸಂಗೀತವಿಲ್ಲ ಎಂದೇನೂ ಅಲ್ಲ. ಧ್ವನಿಮುದ್ರಣಕ್ಕೆ ವಯಸ್ಸಿನ ಹಂಗು ಕಡಿಮೆ. ಆಯಾಸವಾದರೆ ನಿಲ್ಲಿಸಿ ಮರುದಿನ ಮುಂದುವರಿಸಬಹುದು. ಇಲ್ಲವೇ ಒಂದೇ ಊರಿನಲ್ಲಿ ತಳವೂರಿ ವಾರಾಂತ್ಯಗಳಲ್ಲಿ ಹಾಡಬಹುದು. ಅಮೆರಿಕದ ಈಗಲ್ಸ್ ತಂಡ 2024ರ ಸೆಪ್ಟೆಂಬರಿನಿಂದ ಲಾಸ್ ವೇಗಸ್ಸಿನ ಸ್ಫಿಯರ್ ಎಂಬ ಗೋಳಾಕಾರದ ಸಭಾಂಗಣದಲ್ಲಿ ಮಾಡಿದ್ದು ಇದನ್ನೇ. ಅಲ್ಲಿ ಪ್ರಯಾಣ ಮಾಡಬೇಕಾದವರು ಪ್ರೇಕ್ಷಕರು. ವಿಮಾನ, ಹೋಟೆಲ್, ಹೊತ್ತುಗೆಟ್ಟ ನಿದ್ದೆ ಇಲ್ಲದಿದ್ದರೆ ಎಂಬತ್ತರ ದೇಹಕ್ಕೂ ಎರಡು ಗಂಟೆ ನುಡಿಸುವುದು ಅಷ್ಟು ಭಾರವಲ್ಲ. ಸ್ಟೋನ್ಸ್‌ಗೆ ಒಪ್ಪುವ ದಾರಿ ಇದೇ ಇರಬಹುದು ಎಂದು ನನಗನ್ನಿಸುತ್ತದೆ, ಇಲ್ಲವೇ ಎರಡು ಮೂರು ನಗರಗಳಲ್ಲಿ ಬಿಡಿ ಕಾರ್ಯಕ್ರಮ.

ಮೂರನೆಯದು ಮನುಷ್ಯರೇ ಇಲ್ಲದ ದಾರಿ. ಸ್ವೀಡನ್ನಿನ ಆಬಾ ತಂಡದ ನಾಲ್ವರು ಐದು ವಾರ ಸಂವೇದಕಗಳಿದ್ದ ಉಡುಪು ತೊಟ್ಟು 160 ಕ್ಯಾಮೆರಾಗಳ ಮುಂದೆ ಹಾಡಿ ಕುಣಿದರು. ಆ ಚಲನೆಗಳ ಮೇಲೆ ಅವರ 1970ರ ದಶಕದ ರೂಪಗಳನ್ನು ಕಂಪ್ಯೂಟರಿನಲ್ಲಿ ಮೂಡಿಸಲಾಯಿತು. 2022ರ ಮೇ ತಿಂಗಳಿನಿಂದ ಲಂಡನ್ನಿನಲ್ಲಿ ಅದಕ್ಕೆಂದೇ ಕಟ್ಟಿದ ಸಭಾಂಗಣದಲ್ಲಿ ಆ ರೂಪಗಳು ಹಾಡುತ್ತಿವೆ. ಪಕ್ಕವಾದ್ಯಕ್ಕೆ ಮಾತ್ರ ನಿಜವಾದ ಮನುಷ್ಯರು. ಕಿಸ್ ತಂಡವೂ 2023ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಕೊನೆಯ ಹಾಡು ಮುಗಿಸುತ್ತಿದ್ದಂತೆ ತನ್ನ ಡಿಜಿಟಲ್ ರೂಪಗಳನ್ನು ಪರದೆಯ ಮೇಲೆ ತೋರಿಸಿತು. ಆಬಾ ಹಾಡುಗಳ ಅಚ್ಚುಕಟ್ಟಿಗೆ ಇದು ಹೊಂದುತ್ತದೆ. ಪ್ರತಿ ರಾತ್ರಿ ಕೊಂಚ ಬೇರೆಯಾಗಿ, ಕೆಲವೊಮ್ಮೆ ತಪ್ಪಾಗಿಯೂ ನುಡಿಸುವ ರಿಚರ್ಡ್ಸ್ ಅವರನ್ನು ಹೀಗೆ ಅಚ್ಚು ತೆಗೆಯುವುದು ಹೇಗೆಂದು ನನಗೆ ಹೊಳೆಯದು.

ಟಿಕೆಟ್ ಕೊಳ್ಳುವವರು ಏನು ನೋಡಿಕೊಳ್ಳಬೇಕು?

ಹಿರಿಯ ಕಲಾವಿದರನ್ನು ಕೇಳಲು ಬೆಂಗಳೂರಿನಿಂದ ಲಂಡನ್ನಿಗೋ ಸಿಂಗಪುರಕ್ಕೋ ಹಾರುವವರು ಈಗ ಹೆಚ್ಚಾಗಿದ್ದಾರೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಪಕ್ಕದ ರಾಜ್ಯದ ಪ್ರಯಾಣ. ಕಾರ್ಯಕ್ರಮ ರದ್ದಾದರೆ ಟಿಕೆಟ್ಟಿನ ಮುಖಬೆಲೆ ಮರಳುತ್ತದೆ. ವಿಮಾನದ, ಹೋಟೆಲಿನ ಹಣ ಆಯೋಜಕರ ಹೊಣೆಯಲ್ಲ. ಮುಂದೂಡಿದರೆ ಹಳೆಯ ಟಿಕೆಟ್ ಹೊಸ ದಿನಾಂಕಕ್ಕೆ ನಡೆಯುತ್ತದೆ. ಹಣ ವಾಪಸ್ ಬೇಕೆಂದರೆ ಕೊಟ್ಟ ಗಡುವಿನೊಳಗೆ ಕೇಳಬೇಕು. ಸ್ಟೋನ್ಸ್‌ನ 2020ರ ಅಮೆರಿಕ ಪ್ರವಾಸ ಕೋವಿಡ್‌ನಿಂದ 2021ಕ್ಕೆ ಹೋದಾಗ ಕೆಲವು ಊರುಗಳು ಪಟ್ಟಿಯಿಂದಲೇ ಬಿದ್ದುಹೋದವು. ತಂಡದ ಸದಸ್ಯರೊಬ್ಬರು ಬದಲಾದರೆ ಸಾಮಾನ್ಯವಾಗಿ ಅದು ಹಣ ಮರಳಿಸುವ ಕಾರಣವಾಗುವುದಿಲ್ಲ. ಟಿಕೆಟ್ ಬ್ಯಾಂಡಿನ ಹೆಸರಿಗೆ, ವ್ಯಕ್ತಿಗಳ ಹೆಸರಿಗಲ್ಲ.

ಬೇಡಿಕೆ ಏರಿದಂತೆ ಬೆಲೆಯೂ ಏರುವ ಪದ್ಧತಿ ಹಲವು ದೊಡ್ಡ ಕಾರ್ಯಕ್ರಮಗಳಲ್ಲಿ ಇದೆ, ಆದ್ದರಿಂದ ಮೊದಲ ದಿನ ಕಂಡ ಬೆಲೆಗೆ ಬೆದರಿ ಕೊಳ್ಳಬೇಕಿಲ್ಲ. ಕಾರ್ಯಕ್ರಮ ಹತ್ತಿರವಾದಾಗ ಇಳಿಯುವುದೂ ಉಂಟು. ಸ್ಟೋನ್ಸ್ ಇತ್ತೀಚಿನ ಪ್ರವಾಸಗಳಲ್ಲಿ ‘ಲಕ್ಕಿ ಡಿಪ್’ ಎಂಬ ಅಗ್ಗದ ಟಿಕೆಟ್ಟುಗಳನ್ನೂ ಇಟ್ಟಿದ್ದರು. ಯಾವ ಆಸನವೆಂಬುದು ಕಾರ್ಯಕ್ರಮದ ದಿನ ಸ್ಥಳಕ್ಕೆ ಹೋದಾಗಲಷ್ಟೇ ತಿಳಿಯುತ್ತದೆ. ಕೆಲವರಿಗೆ ಹಿಂದಿನ ಸಾಲು, ಕೆಲವರಿಗೆ ವೇದಿಕೆಯ ಎದುರಿನ ಜಾಗ.